ಹಿತ್ತಲಲ್ಲಿ ಮಕ್ಕಳು: ಯಾವುದಕ್ಕೆ ಬಿಟ್ಟೆ, ಯಾವುದಕ್ಕೆ ಬಿಡಲಿಲ್ಲ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಹಿತ್ತಲಲ್ಲಿ ಮಾವು, ಕೆಸು, ಸೂಜಿಮೆಣಸು, ನಾಚಿಕೆಮುಳ್ಳು, ಚಗಳಿ (ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆ) ಎಲ್ಲ ಇವೆ. ಇಬ್ಬರು ಮಕ್ಕಳನ್ನು ಅಲ್ಲಿ ಆಡಲು ಬಿಡುವಾಗ ನಾನು ಇಟ್ಟುಕೊಂಡ ಲೆಕ್ಕ ಒಂದೇ. ತಾಗಿದ ಕೂಡಲೇ ಉರಿದು, ಸ್ವಲ್ಪ ಹೊತ್ತಲ್ಲಿ ಇಳಿಯುವಂಥದ್ದಕ್ಕೆ ಅಡ್ಡ ಬರುವುದಿಲ್ಲ. ತಡವಾಗಿ ಕಾಡುವುದನ್ನು, ಜೀವಕ್ಕೆ ಕುತ್ತು ತರುವುದನ್ನು ಮುಟ್ಟಲೂ ಬಿಡುವುದಿಲ್ಲ.

ಹೆಚ್ಚು ಕಲಿಸಿದ್ದು ಚಗಳಿ. ಮಾವಿನೆಲೆ ಹೊಲಿದು ಕಟ್ಟಿದ ಗೂಡಿಗೆ ಮಗ ಕೋಲು ಹಾಕಿದ. ಚಗಳಿ ಕಚ್ಚಿದ ಜಾಗಕ್ಕೆ ಆಮ್ಲ ಚಿಮ್ಮಿಸುತ್ತದೆ, ಅದಕ್ಕೇ ಅಷ್ಟು ಉರಿ. ಕುಣಿದ, ಅತ್ತ. ಸವರಿ ಉದುರಿಸಿ, ತಣ್ಣೀರಲ್ಲಿ ತೊಳೆದೆ, ಅಷ್ಟೆ. ಈಗ ಮರ ಹತ್ತುವ ಮುಂಚೆ ಕತ್ತೆತ್ತಿ ಗೂಡು ಹುಡುಕುತ್ತಾನೆ. (ಅವೇ ಚಗಳಿಯ ಚಟ್ನಿ ಮಾಡುವವರೂ ನಮ್ಮ ಕಡೆ ಇದ್ದಾರೆ. ಅವನಿಗೆ ಇನ್ನೂ ಧೈರ್ಯ ಬಂದಿಲ್ಲ.) ಸೂಜಿಮೆಣಸು ಕಿತ್ತ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣುಜ್ಜಬಾರದು ಅನ್ನೋದು ಮಗಳಿಗೂ ಹಾಗೇ ಗೊತ್ತಾಯಿತು.

"ಮಕ್ಕಳು ಅಳ್ತಾ ಇದ್ರೆ ಸುಮ್ನೆ ನೋಡ್ತಾ ನಿಂತಿರ್ತೀಯಲ್ಲೇ" ಎಂದು ಅತ್ತೆ ಗೊಣಗುತ್ತಿದ್ದರು. ಸುಮ್ನೆ ನಿಂತಿರುವುದಲ್ಲ, ಹತ್ತಿರದಲ್ಲೇ ಇರುತ್ತೇನೆ. ಕೆಸುವಿನ ದಂಟು ಮುರಿದು ಕೈ ತುರಿಸಿಕೊಂಡಾಗ ಹುಣಸೆಹುಳಿ ತಿಕ್ಕಿದ್ದು ಅತ್ತೆಯೇ. ಕಂಬಳಿಹುಳು ತಾಗಿದರೆ ಉಜ್ಜಬಾರದು, ಟೇಪ್ ಅಂಟಿಸಿ ಎಳೆದರೆ ರೋಮ ಬರುತ್ತದೆ. ಇದನ್ನು ಈಗ ಮಕ್ಕಳೇ ಮಾಡಿಕೊಳ್ಳುತ್ತಾರೆ.

ಇನ್ನು ಗುಲಗಂಜಿ. ಕೆಂಪು, ಕಪ್ಪು, ನೋಡಿದರೆ ಬಾಯಿಗಿಡಬೇಕು ಅನ್ನಿಸುವಷ್ಟು ಚೆಂದ. ಅಗಿದು ನುಂಗಿದರೆ ವಿಷ ತೋರಲು ಗಂಟೆಗಟ್ಟಲೆ ಬೇಕಾಗಬಹುದು. ಅಷ್ಟರಲ್ಲಿ "ತಿಂದೆ, ಏನೂ ಆಗ್ಲಿಲ್ಲ" ಅಂತ ಮಗು ತಪ್ಪು ಪಾಠ ಕಲಿತಿರುತ್ತದೆ. ಬೇಲಿಯ ಬಳ್ಳಿಯನ್ನು ಬೇರುಸಹಿತ ಕಿತ್ತೆ. ಕಣಗಿಲೆಯನ್ನೂ ಕಡಿಸಿದೆ, ದೇವರ ಹೂವು ಹೋಯಿತೆಂದು ಅತ್ತೆಗೆ ಬೇಸರವಾಯಿತು. ಗೇರುಬೀಜದ ಸೊನೆಯೂ ಹಾಗೇ, ಗುಳ್ಳೆ ಏಳುವುದು ಆಮೇಲೆ. ಹಾಗಾಗಿ ಹಸಿ ಗೇರುಬೀಜ ದೊಡ್ಡವರ ಕೆಲಸ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ. ದರಗಿನ (ಒಣ ಎಲೆಗಳ) ರಾಶಿಗೆ ಕೈ ಹಾಕುವಂತಿಲ್ಲ, ಉದ್ದದ ಕೋಲು ಬೇಕು. ಹಾವಿನ ವಿಷಯದಲ್ಲಿ ಪ್ರಯೋಗವಿಲ್ಲ.

ಮುಳ್ಳು, ತಗಡು ಗೀರುವುದು ಇದ್ದದ್ದೇ. ಅದಕ್ಕೆ ಧನುರ್ವಾಯು ಬರದಂತೆ ತಡೆಯುವ 5–6 ವರ್ಷದ ಡಿಪಿಟಿ ಬೂಸ್ಟರ್, 10 ಮತ್ತು 16ನೇ ವಯಸ್ಸಿಗೆ ಟಿಡಿ ಚುಚ್ಚುಮದ್ದು ತಪ್ಪಿಸಬೇಡಿ. ಜೇನು, ಕಣಜ ಕಚ್ಚಿ ತುಟಿ, ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ.