ಹಳೇ ಸೈನ್ಸ್ ಫಿಕ್ಷನ್ ಕಥೆಗಳಿಗೆ ನಮ್ಮ ಓದುಗರು ಬರೆದ ಚೀಟಿಗಳು

ನಮ್ಮ ಓದುಬಳಗ ಸೇರುವುದು ಮೈಸೂರಿನ ಕುವೆಂಪುನಗರದ ಒಂದು ಮನೆಯ ಮಹಡಿಯಲ್ಲಿ. ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ನರ್ಸ್, ಹೈಸ್ಕೂಲ್ ಟೀಚರ್ ಒಬ್ಬರು, ಇಂಜಿನಿಯರಿಂಗ್ ಓದುವ ಹುಡುಗ, ಹೀಗೆ ಬೇರೆ ಬೇರೆ ಥರದ ಜನ. ಕಥೆ ಆರಿಸುವುದು, ಅಭಿಪ್ರಾಯ ಕೂಡಿಸುವುದು ನನ್ನ ಪಾಲಿನ ಕೆಲಸ. ಈಚೆಗೆ ಹಿಡಿದು ಮುಗಿಸಿದ್ದು ‘ದಿ ಸೈನ್ಸ್ ಫಿಕ್ಷನ್ ಹಾಲ್ ಆಫ್ ಫೇಮ್’ ಮೊದಲ ಸಂಪುಟ. ರಾಬರ್ಟ್ ಸಿಲ್ವರ್‌ಬರ್ಗ್ ಸಂಪಾದಿಸಿದ್ದು, 1970ರಲ್ಲಿ ಬಂದದ್ದು. ಒಟ್ಟು 26 ಕಥೆ. ಅಮೆರಿಕದ ಸೈನ್ಸ್ ಫಿಕ್ಷನ್ ಬರಹಗಾರರ ಸಂಘ 1965ರಿಂದ ಈಚಿನ ಕಥೆಗಳಿಗೆ ನೆಬ್ಯುಲಾ ಪ್ರಶಸ್ತಿ ಕೊಡತೊಡಗಿತ್ತು. ಅದಕ್ಕೂ ಮುಂಚಿನ ಒಳ್ಳೆ ಕಥೆಗಳ ಗತಿ ಏನು ಅಂತ ಸದಸ್ಯರೇ ಓಟು ಹಾಕಿದರು. ಒಬ್ಬ ಲೇಖಕರಿಗೆ ಒಂದೇ ಕಥೆ ಅನ್ನುವ ನಿಯಮ ಇತ್ತು.

ಬರಹಗಾರರೇ ಓಟು ಹಾಕಿ ಆರಿಸಿದ ಕಥೆಗಳು ಅಂದಮೇಲೆ ಓದುಗರ ಬಾಯಿ ಅರ್ಧ ಕಟ್ಟಿದ ಹಾಗೇ. ಅಸಿಮೊವ್ ಹೆಸರು ಕೇಳಿದ ಕೂಡಲೇ ‘ತುಂಬಾ ಚೆನ್ನಾಗಿದೆ ಸರ್’ ಅಂದುಬಿಡುತ್ತಾರೆ. ನನಗೆ ಆ ಮಾತು ಬೇಕಿರಲಿಲ್ಲ. ಹಾಗಾಗಿ ಲೇಖಕರ ಹೆಸರು, ಇಸವಿ, ಎಷ್ಟನೇ ಸ್ಥಾನ ಬಂತು, ಯಾವುದನ್ನೂ ಮೊದಲೇ ಹೇಳಲಿಲ್ಲ. ಕಥೆ ಮುಗಿದ ಕೂಡಲೇ ಚೀಟಿ ಹಂಚಿದೆ. ಮಾತು ಶುರುವಾಗುವ ಮುಂಚೆ ಬರೆದು ಡಬ್ಬಿಗೆ ಹಾಕಬೇಕು. ಯಾಕಂದರೆ ಯಾವ ಬಳಗದಲ್ಲೂ ಮೊದಲು ಮಾತಾಡಿದವರ ಅಭಿಪ್ರಾಯವೇ ಅರ್ಧ ಜನರ ಅಭಿಪ್ರಾಯ ಆಗಿಬಿಡುತ್ತದೆ. ಅದರಲ್ಲೂ ಗಟ್ಟಿ ದನಿಯವರು ಇದ್ದರೆ ಮುಗೀತು. ಚೀಟಿಯಲ್ಲಿ ‘ಹೇಗಿತ್ತು?’ ಅಂತ ಕೇಳಲಿಲ್ಲ. ಎರಡೇ ಪ್ರಶ್ನೆ: ಎಲ್ಲಿ ನಿಂತು ಯೋಚಿಸಿದಿರಿ? ಎಲ್ಲಿ ಬೇಸರ ಬಂತು?

ಎಲ್ಲರಿಗೂ ಇಂಗ್ಲಿಷ್ ಓದು ಸಲೀಸಲ್ಲ. ಅಂಥವರಿಗೆ ನಾನು ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಓದಿದವರಿಗೆ ಬಿಳಿ ಚೀಟಿ, ಕೇಳಿದವರಿಗೆ ಹಳದಿ. ಈ ಬಣ್ಣದ ವ್ಯತ್ಯಾಸ ಸುಮ್ನೆ ಮಾಡಿದ್ದು, ಆದರೆ ತುಂಬಾ ಉಪಯೋಗಕ್ಕೆ ಬಂತು.

ಉದಾಹರಣೆಗೆ ಅಸಿಮೊವ್ ಅವರ ‘ನೈಟ್‌ಫಾಲ್’. 1941ರ ಕಥೆ, ಬರಹಗಾರರ ಓಟಿನಲ್ಲಿ ಮೊದಲ ಸ್ಥಾನ ಇದಕ್ಕೇ. ಲಗಾಶ್ ಅನ್ನುವ ಗ್ರಹಕ್ಕೆ ಆರು ಸೂರ್ಯ. ಅಲ್ಲಿ ಕತ್ತಲೆ ಬರುವುದು 2,049 ವರ್ಷಕ್ಕೊಮ್ಮೆ. ಆಗ ಜನ ಹುಚ್ಚರಾಗಿ ಊರಿಗೇ ಬೆಂಕಿ ಇಡುತ್ತಾರೆ. ಹಳದಿ ಚೀಟಿಯವರೆಲ್ಲ ಕಥೆಯ ಕೊನೆಗೆ ಬೆರಗಾಗಿದ್ದರು. ಬಿಳಿ ಚೀಟಿಯವರು ಬರೆದದ್ದು: ‘ಮಾತು ಜಾಸ್ತಿ, ಪಾಠ ಮಾಡಿದ ಹಾಗಿದೆ.’ ನಿಜ. ನಾನು ಹೇಳುವಾಗ ವಿಜ್ಞಾನಿ, ಮನಶ್ಶಾಸ್ತ್ರಜ್ಞ, ಪತ್ರಕರ್ತ ಇವರ ಉದ್ದುದ್ದ ಮಾತುಕತೆಗೆ ಕತ್ತರಿ ಹಾಕಿದ್ದೆ. ನನ್ನ ಕೇಳಿದರೆ ಇದು ಬರವಣಿಗೆಗಿಂತ ಕಲ್ಪನೆ ದೊಡ್ಡದಾದ ಕಥೆ. ಅದಕ್ಕೇ ಬಾಯಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಟೀಚರ್ ಒಬ್ಬರ ತಕರಾರು ಮಾತ್ರ ಬೇರೆ ಥರ ಇತ್ತು: ‘ಹೊರಗೆ ಆರು ಸೂರ್ಯ ಇದ್ದರೂ ಉಗ್ರಾಣದೊಳಗೆ ಕತ್ತಲೆ ಇರಲ್ವಾ?’ ಅದಕ್ಕೆ ಕಥೆಯೊಳಗೇ ಒಂದು ಉತ್ತರ ಇದೆ. ಅಲ್ಲಿನ ವಸ್ತುಪ್ರದರ್ಶನದಲ್ಲಿ ಕತ್ತಲೆ ಸುರಂಗದೊಳಗೆ ಜನರನ್ನು ಕೂರಿಸಿ ಕರೆದುಕೊಂಡು ಹೋಗುವ ಒಂದು ಆಟ ಇರುತ್ತದೆ, ಹೊರಗೆ ಬಂದವರಲ್ಲಿ ಕೆಲವರ ತಲೆ ಕೆಟ್ಟಿರುತ್ತದೆ. ದಸರಾ ವಸ್ತುಪ್ರದರ್ಶನದ ಭೂತಬಂಗಲೆ ನೋಡಿ ಬೆಳೆದ ನಮ್ಮವರಿಗೆ ಇದು ಚೆನ್ನಾಗಿ ನಾಟಿತು.

‘ಹೆಲೆನ್ ಓ’ಲಾಯ್’ ಬಂದ ದಿನ ಮಹಡಿ ಗದ್ದಲವೋ ಗದ್ದಲ. ಲೆಸ್ಟರ್ ಡೆಲ್ ರೇ 1938ರಲ್ಲಿ ಬರೆದದ್ದು. ಇಬ್ಬರು ಗೆಳೆಯರು ಹೆಣ್ಣು ರೂಪದ ರೋಬೋ ಒಂದನ್ನು ಸಿದ್ಧಮಾಡುತ್ತಾರೆ. ಅದು ಮನೆಯಲ್ಲಿ ಕೂತು ಧಾರಾವಾಹಿ ನೋಡಿ ಪ್ರೀತಿ ಕಲಿಯುತ್ತದೆ, ಅಡುಗೆ ಮಾಡುತ್ತದೆ, ಅಳುತ್ತದೆ, ಮದುವೆಯೂ ಆಗುತ್ತದೆ. ಗಂಡ ಸತ್ತಾಗ ತನ್ನನ್ನೂ ಕರಗಿಸಿ ಅವನ ಜೊತೆ ಹೂತುಬಿಡಿ ಅಂತ ಬರೆದಿಡುತ್ತದೆ. ಒಂದು ಚೀಟಿಯಲ್ಲಿ ಹೀಗಿತ್ತು: ‘ಎಲ್ಲಾ ಆಯ್ತು, ಮಾಸ್ತಿಕಲ್ಲು ನಿಲ್ಲಿಸೋದೊಂದು ಬಾಕಿ.’ ಬರೆದವರು ಯಾರು ಅಂತ ಅಕ್ಷರದಿಂದಲೇ ಗೊತ್ತಾಯಿತು. ನಾನೇನೂ ಹೇಳಲಿಲ್ಲ, ಚೀಟಿಗೆ ಹೆಸರಿಲ್ಲ ಅನ್ನುವುದೇ ಒಪ್ಪಂದ. ಇಡೀ ಸಂಪುಟದಲ್ಲಿ ಹೆಣ್ಣೊಬ್ಬರೇ ಬರೆದ ಕಥೆ ಒಂದೇ ಒಂದು, ಜೂಡಿತ್ ಮೆರಿಲ್ ಅವರ ‘ದ್ಯಾಟ್ ಓನ್ಲಿ ಎ ಮದರ್’. ಇನ್ನೊಬ್ಬರು ಸಿ. ಎಲ್. ಮೂರ್, ಗಂಡನ ಜೊತೆ ಸೇರಿ ಬರೆದದ್ದರಿಂದ ಲೂಯಿಸ್ ಪ್ಯಾಜೆಟ್ ಅನ್ನುವ ಹೆಸರಿನ ಹಿಂದೆ ಮರೆಯಾಗಿದ್ದಾರೆ. ಮೆರಿಲ್ ಕಥೆಯಲ್ಲಿ ಅಣುಯುದ್ಧದ ಕಾಲದಲ್ಲಿ ಹುಟ್ಟಿದ ಮಗುವನ್ನು ತಾಯಿ ಹಾಡಿ ಹೊಗಳುತ್ತಾಳೆ. ಮಗುವಿಗೆ ಕೈಕಾಲೇ ಇಲ್ಲ ಅನ್ನುವುದು ಗೊತ್ತಾಗುವುದು ಅಪ್ಪ ಮನೆಗೆ ಬಂದಮೇಲೆ. ಅವತ್ತಿನ ಚೀಟಿಗಳಲ್ಲಿ ಹೆಚ್ಚಿನವು ಖಾಲಿ ಇದ್ದವು. ಖಾಲಿ ಚೀಟಿಯನ್ನೂ ನಾನು ಎತ್ತಿಟ್ಟುಕೊಂಡೆ.

ಕ್ಲಾರ್ಕ್ ಅವರ ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ ಬಗ್ಗೆ ನಮ್ಮವರು ಹೇಳಿದ ಮಾತನ್ನು ಅಮೆರಿಕದ ಓದುಗರು ಹೇಳಿರಲಾರರು. ಟಿಬೆಟ್ಟಿನ ಲಾಮಾಗಳು ದೇವರ ಹೆಸರುಗಳನ್ನೆಲ್ಲ ಬರೆದು ಮುಗಿಸಬೇಕು, ಕೈಯಲ್ಲಾದರೆ 15,000 ವರ್ಷ, ಬಾಡಿಗೆಗೆ ತಂದ ಕಂಪ್ಯೂಟರಿಗೆ 100 ದಿನ. ಪಟ್ಟಿ ಮುಗಿದರೆ ಲೋಕವೂ ಮುಗೀತು. ದಿನಾ ವಿಷ್ಣುಸಹಸ್ರನಾಮ ಹೇಳುವ ಅಜ್ಜಿಯೊಬ್ಬರು ಬಳಗದಲ್ಲಿದ್ದಾರೆ. ಅವರಿಗೆ ಲೋಕ ಮುಗಿದದ್ದು ದೊಡ್ಡ ವಿಷಯವೇ ಆಗಲಿಲ್ಲ. ‘ಮುಗಿಸಬೇಕು ಅಂತ ಯಾರಾದರೂ ನಾಮ ಹೇಳ್ತಾರಾ? ನಾಳೆ ಮತ್ತೆ ವಿಶ್ವಂನಿಂದ ಶುರು ಮಾಡೋದಿದೆಯಲ್ಲ’ ಅಂದರು. ಹುಡುಗ ಅದನ್ನು ಕಂಪ್ಯೂಟರ್ ಭಾಷೆಯಲ್ಲಿ ‘ಲೂಪ್ ಅಜ್ಜಿ, ಲೂಪ್’ ಅಂದ.

ಜಗಳ ಜಾಸ್ತಿ ಆದದ್ದು ಟಾಮ್ ಗಾಡ್ವಿನ್ ಅವರ ‘ದಿ ಕೋಲ್ಡ್ ಈಕ್ವೇಷನ್ಸ್’ ಮೇಲೆ. 1954ರದ್ದು. ದೂರದ ಗ್ರಹದಲ್ಲಿ ಜ್ವರ ಬಿದ್ದ ಆರು ಜನರಿಗೆ ಔಷಧ ಒಯ್ಯುವ ಪುಟ್ಟ ನೌಕೆ. ಇಂಧನ ಪೈಲಟ್ ಒಬ್ಬನ ಭಾರಕ್ಕೆ ಮಾತ್ರ ಅಳೆದು ಹಾಕಿದ್ದು. ಅಣ್ಣನನ್ನು ನೋಡುವ ಆಸೆಗೆ 18 ವರ್ಷದ ಹುಡುಗಿಯೊಬ್ಬಳು ಕದ್ದು ಹತ್ತಿರುತ್ತಾಳೆ. ಅವಳನ್ನು ಹೊರಗೆ ತಳ್ಳದಿದ್ದರೆ ಎಲ್ಲರೂ ಸಾಯುತ್ತಾರೆ. ತಳ್ಳುತ್ತಾರೆ. ನಮ್ಮ ಹುಡುಗನ ಚೀಟಿ ಎರಡೂ ಬದಿ ತುಂಬಿತ್ತು: ಬಾಗಿಲಿಗೆ ಬೀಗ ಇಲ್ಲ, ಹೊರಡುವ ಮುಂಚೆ ಒಳಗೆ ಇಣುಕಿ ನೋಡುವವರಿಲ್ಲ, ಒಳಗೆ ಬರಬೇಡಿ ಅಂತ ಒಂದು ಬೋರ್ಡು ಹಾಕಿದರೆ ಆಯ್ತಾ? ಬಸ್ ಕಂಡಕ್ಟರ್ ಕೂಡ ರೈಟ್ ಹೇಳುವ ಮುಂಚೆ ತಲೆ ಎಣಿಸುತ್ತಾನೆ. ನರ್ಸ್ ಒಪ್ಪಲಿಲ್ಲ. ‘ನೀನು ಹಡಗು ಕಟ್ಟಿದವರನ್ನ ಬೈತಿದೀಯ. ಆ ಹೊತ್ತಿಗೆ ಅಲ್ಲಿ ಇದ್ದವನು ಏನು ಮಾಡಬೇಕು ಹೇಳು’ ಅಂದರು. ರಾತ್ರಿ ಪಾಳಿಯಲ್ಲಿ ಇರೋದು ಒಂದೇ ಬೆಡ್ ಆಗಿದ್ದಾಗ ಯಾರೂ ಕಟ್ಟಡದ ಪ್ಲಾನ್ ತೆಗೆದು ನೋಡುವುದಿಲ್ಲ ಅನ್ನುವುದು ಅವರ ವಾದ.

ಚೀಟಿ ಡಬ್ಬಿಗೆ ಬಿದ್ದಮೇಲೆ ನಾನು ಕಥೆಯ ಹಿಂದಿನ ಕಥೆ ಹೇಳುತ್ತಿದ್ದೆ. ಗಾಡ್ವಿನ್ ಹುಡುಗಿಯನ್ನು ಬದುಕಿಸುವ ದಾರಿ ಹುಡುಕಿ ಹುಡುಕಿ ಬರೆದರಂತೆ. ‘ಅಸ್ಟೌಂಡಿಂಗ್’ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅವಳು ಸಾಯಲೇಬೇಕು ಅಂತ ಮತ್ತೆ ಮತ್ತೆ ವಾಪಸ್ ಕಳಿಸಿದರು. ಹುಡುಗ ಎದ್ದು ನಿಂತೇಬಿಟ್ಟ: ‘ನೋಡಿ ಸರ್, ಅವಳನ್ನ ಕೊಂದಿದ್ದು ಲೆಕ್ಕ ಅಲ್ಲ, ಸಂಪಾದಕ!’

ಇದಕ್ಕೆ ತದ್ವಿರುದ್ಧವಾದದ್ದು ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಆಲ್ಜರ್ನಾನ್’, 1959ರದ್ದು. ದಡ್ಡ ಅನ್ನಿಸಿಕೊಂಡ ಚಾರ್ಲಿ ಆಪರೇಷನ್ ಆಗಿ ಮಹಾ ಬುದ್ಧಿವಂತನಾಗಿ, ಮತ್ತೆ ಮೊದಲಿನ ಹಾಗೇ ಆಗುವ ಕಥೆ. ಕೀಸ್ ಇದನ್ನು ಮೊದಲು ‘ಗ್ಯಾಲಕ್ಸಿ’ಗೆ ಕೊಟ್ಟಾಗ ಸಂಪಾದಕ ಹೊರೇಸ್ ಗೋಲ್ಡ್ ಸುಖಾಂತ ಮಾಡಿ ಅಂದರು. ಕೀಸ್ ಜಗ್ಗಲಿಲ್ಲ, ಬೇರೆ ಪತ್ರಿಕೆಗೆ ಕೊಟ್ಟರು, ಸೈನ್ಸ್ ಫಿಕ್ಷನ್ನಿನ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು. ಇಡೀ ಕಥೆ ಚಾರ್ಲಿಯ ಡೈರಿ. ಶುರುವಿನಲ್ಲಿ ಸಾಲು ಸಾಲಿಗೂ ಕಾಗುಣಿತ ತಪ್ಪು, ಬುದ್ಧಿ ಏರಿದ ಹಾಗೆ ತಿದ್ದಿಕೊಳ್ಳುತ್ತದೆ, ಕೊನೆಗೆ ತಪ್ಪುಗಳೆಲ್ಲ ವಾಪಸ್. ಇದನ್ನು ಬಾಯಲ್ಲಿ ಹೇಳಲು ಆಗುವುದಿಲ್ಲ. ಹಾಗಾಗಿ ನಾನು ಕನ್ನಡದಲ್ಲೇ ಮೂರು ಪುಟ ಡೈರಿ ಬರೆದು, ಒತ್ತು, ದೀರ್ಘ ಎಲ್ಲ ಬಿಟ್ಟು, ಹಳದಿ ಚೀಟಿಯವರ ಕೈಗೆ ಕೊಟ್ಟೆ. ಟೀಚರ್ ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ತಿದ್ದಲು ಶುರುಮಾಡಿದರು. ಮೂರನೇ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು. ಅವರ ಚೀಟಿಯಲ್ಲಿ ‘ಎಲ್ಲಿ ನಿಂತಿರಿ?’ ಅನ್ನುವುದಕ್ಕೆ ಉತ್ತರ ಅದೇ.

ಸಂಪುಟ ಮುಗಿದು ತಿಂಗಳುಗಳಾದ ಮೇಲೆ ಇನ್ನೊಂದು ಸುತ್ತು ಮಾಡಿದೆ. ಪುಸ್ತಕ ತೆಗೆಯದೆ, ನೆನಪಿರುವ ಕಥೆಗಳನ್ನು ಬರೆಯಿರಿ, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ ಅಂದೆ. ನಾನು ಹೆಚ್ಚು ನಂಬುವುದು ಈ ಸುತ್ತನ್ನೇ. ಕಥೆ ಕೇಳಿದ ದಿನ ಹೊಗಳಿಸಿಕೊಂಡ ‘ಮೈಕ್ರೋಕಾಸ್ಮಿಕ್ ಗಾಡ್’, ‘ದಿ ವೆಪನ್ ಶಾಪ್’ ಯಾರಿಗೂ ನೆನಪಿರಲಿಲ್ಲ. ಹಿಗ್ಗಾಮುಗ್ಗಾ ಬೈಸಿಕೊಂಡ ಹುಡುಗಿಯ ಕಥೆ ಎಲ್ಲರ ಚೀಟಿಯಲ್ಲೂ ಇತ್ತು, ಚಾರ್ಲಿಯೂ ಇದ್ದ. ನಾನು ಎಣಿಸದೇ ಇದ್ದದ್ದು ಸಿಮಾಕ್ ಅವರ ‘ಹಡ್ಲಿಂಗ್ ಪ್ಲೇಸ್’. ಮನೆ ಬಿಟ್ಟು ಹೊರಡಲು ಹೆದರುವ ಡಾಕ್ಟರ್, ಕೊನೆಗೂ ಮನಸ್ಸು ಗಟ್ಟಿಮಾಡಿ ಗೆಳೆಯನ ಜೀವ ಉಳಿಸಲು ಮಂಗಳಕ್ಕೆ ಹೊರಟು ನಿಂತಾಗ, ನೀವು ಹೋಗುವವರಲ್ಲ ಅಂತ ಮನೆಯ ರೋಬೋ ನೌಕೆಯನ್ನು ವಾಪಸ್ ಕಳಿಸಿಬಿಟ್ಟಿರುತ್ತದೆ. 1944ರ ಕಥೆ. ಲಾಕ್‌ಡೌನ್ ಮುಗಿದ ಮೇಲೂ ಗೇಟು ದಾಟದ ಒಬ್ಬರು ನಮ್ಮಲ್ಲಿದ್ದಾರೆ, ಅವರು ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರು.

ಮುಂದೆ ಹಿಡಿಯುವುದು ನೀಳ್ಗತೆಗಳಿರುವ ಎರಡನೇ ಸಂಪುಟ. ಅದರಲ್ಲಿ ಇ. ಎಂ. ಫಾರ್ಸ್ಟರ್ 1909ರಲ್ಲಿ ಬರೆದ ‘ದಿ ಮೆಷಿನ್ ಸ್ಟಾಪ್ಸ್’ ಇದೆ, ಶುರು ಅದರಿಂದಲೇ. ಇಸವಿ ಮಾತ್ರ ಚೀಟಿ ಡಬ್ಬಿಗೆ ಬೀಳುವ ತನಕ ಹೇಳುವುದಿಲ್ಲ. ನರ್ಸ್ ಒಂದು ಪ್ರಶ್ನೆ ಸೇರಿಸಿ ಅಂದಿದ್ದಾರೆ: ‘ಈ ಕಥೆಯನ್ನ ಮನೆಗೆ ಹೋಗಿ ಯಾರಿಗೆ ಹೇಳ್ತೀರಿ?’ ಸೇರಿಸಿದ್ದೇನೆ.