ಡಾಬರ್‌ಮನ್ ಕ್ರಾಸಿಂಗ್‌ಗೆ ಮೊದಲು: ರಕ್ತಸ್ರಾವದ ಕಾಯಿಲೆಗೆ ಡಿಎನ್‌ಎ ಪರೀಕ್ಷೆ ಮಾಡಿಸುವುದು ಹೇಗೆ?

ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇರುವ ನಾಯಿಗಳಲ್ಲಿ, ಗಾಯವಾದ ರಕ್ತನಾಳಕ್ಕೆ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳಲು ಬೇಕಾದ ಒಂದು ಪ್ರೋಟೀನಿನ ಕೊರತೆಯಿರುತ್ತದೆ. ವಂಶಪಾರಂಪರ್ಯವಾಗಿ ಬರುವ ಈ ಕಾಯಿಲೆ ಡಾಬರ್‌ಮನ್ ತಳಿಯಲ್ಲಿ ಸಾಮಾನ್ಯ. ನೋಡಲು ಆರೋಗ್ಯವಾಗಿಯೇ ಇರುವ ನಾಯಿಗೆ ಹಲ್ಲು ಕೀಳಿಸಿದಾಗಲೋ ಗರ್ಭಕೋಶದ ಶಸ್ತ್ರಚಿಕಿತ್ಸೆ ಮಾಡಿಸಿದಾಗಲೋ ರಕ್ತ ನಿಲ್ಲದಿದ್ದರೆ ಆಗ ಸಂಗತಿ ಹೊರಬೀಳುತ್ತದೆ. ಅಷ್ಟರಲ್ಲಿ ಅದರ ಮರಿಗಳು ಹತ್ತಾರು ಮನೆ ಸೇರಿರುತ್ತವೆ.

ಮೊದಲು ಸರಿಯಾದ ಪರೀಕ್ಷೆಯನ್ನು ಆರಿಸಿಕೊಳ್ಳಬೇಕು. ರಕ್ತದಲ್ಲಿ ಈ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಪರೀಕ್ಷೆಯೂ ಇದೆ, ಆದರೆ ಬಸಿರು, ಒತ್ತಡ ಮೊದಲಾದ ಕಾರಣಗಳಿಂದ ಅದರ ಅಂಕಿ ಏರಿಳಿಯುವುದರಿಂದ ತಳಿ ಬೆಳೆಸುವವರು ಡಿಎನ್‌ಎ ಪರೀಕ್ಷೆಯನ್ನೇ ಮಾಡಿಸಬೇಕು. ಈ ಕಾಯಿಲೆಯಲ್ಲಿ ಮೂರು ಬಗೆಗಳಿವೆ. ಸ್ಕಾಟಿಷ್ ಟೆರಿಯರ್ ತಳಿಯಲ್ಲಿ ಕಾಣುವ ಮೂರನೇ ಬಗೆಗೆ ಅದೇ ಜೀನ್‌ನ ಬೇರೆಯೇ ದೋಷ ಕಾರಣವಾದ್ದರಿಂದ, ಡಾಬರ್‌ಮನ್‌ನ ಒಂದನೇ ಬಗೆಗೆ ಪರೀಕ್ಷೆ ಬೇಕೆಂದು ಪ್ರಯೋಗಾಲಯಕ್ಕೆ ಸ್ಪಷ್ಟವಾಗಿ ತಿಳಿಸಿ. ಉಗುರನ್ನು ಆಳವಾಗಿ ಕತ್ತರಿಸಿ ರಕ್ತ ನಿಲ್ಲುವ ಹೊತ್ತನ್ನು ಎಣಿಸುವ ಹಳೆಯ ಒಳದಾರಿಯನ್ನು ದಯವಿಟ್ಟು ಬಿಟ್ಟುಬಿಡಿ. ಅದರಿಂದ ನಾಯಿಗೆ ನೋವಾಗುತ್ತದೆಯೇ ಹೊರತು ನಂಬುವಂಥ ಉತ್ತರ ಸಿಗುವುದಿಲ್ಲ. ರಕ್ತ ಹೆಪ್ಪುಗಟ್ಟಿಸುತ್ತದೆಂದು ಮಾರುವ ಟಾನಿಕ್‌ಗಳು ಜೀನನ್ನು ಬದಲಿಸಲಾರವು.

ಹೆಚ್ಚಿನವರು ಎಡವುವುದು ಮಾದರಿ ತೆಗೆಯುವಾಗ. ತಿಂದ ಕೂಡಲೇ ಬಾಯಿಗೆ ಸ್ವಾಬ್ (ಮಾದರಿ ತೆಗೆಯುವ, ತುದಿಗೆ ಹತ್ತಿಯಂಥ ಎಳೆಗಳಿರುವ ಕಡ್ಡಿ) ಹಾಕಬಾರದು. ಒಂದು ಗಂಟೆ ಆಹಾರ ಕೊಡದೆ, ಒಂದೇ ಬಟ್ಟಲಿನಲ್ಲಿ ನೀರು ಕುಡಿಯುವ ಬೇರೆ ನಾಯಿಗಳಿಂದ ದೂರವಿಡಿ. ಮೊಲೆಯುಣ್ಣುವ ಮರಿಗಳ ಬಾಯಲ್ಲಿ ತಾಯಿಯ ಜೀವಕೋಶಗಳು ಸೇರಿರಬಹುದಾದ್ದರಿಂದ ಹಾಲು ಬಿಡಿಸುವವರೆಗೆ ಕಾಯುವುದೇ ಒಳ್ಳೆಯದು. ಪ್ರಯೋಗಾಲಯ ಕಳುಹಿಸಿದ ಸ್ವಾಬನ್ನೇ ಬಳಸಬೇಕು, ಕಿವಿಗೆ ಹಾಕುವ ಅಂಗಡಿಯ ಬಡ್ಸ್ ಬೇಡ. ಕೆನ್ನೆಯ ಒಳಭಾಗಕ್ಕೂ ವಸಡಿಗೂ ನಡುವೆ ಸ್ವಾಬನ್ನು ಒತ್ತಿ, ತಿರುಗಿಸುತ್ತಾ ಚೆನ್ನಾಗಿ ಉಜ್ಜಬೇಕು, ಏಕೆಂದರೆ ನಮಗೆ ಬೇಕಾದದ್ದು ಜೊಲ್ಲಲ್ಲ, ಕೆನ್ನೆಯ ಜೀವಕೋಶ. ತುದಿಯನ್ನು ಮುಟ್ಟದೆ ಗಾಳಿಯಲ್ಲಿ ಪೂರ್ತಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ; ಮಳೆಗಾಲದಲ್ಲಿ ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿದು ಮಾದರಿ ಕೆಡುತ್ತದೆ. ಒಂದು ನಾಯಿಯ ಲಕೋಟೆಯ ಮೇಲೆ ಹೆಸರು, ಮೈಕ್ರೋಚಿಪ್ ಸಂಖ್ಯೆ ಬರೆದು, ಕೈ ತೊಳೆದ ಮೇಲೆಯೇ ಇನ್ನೊಂದನ್ನು ಮುಟ್ಟಿ. ಬೆಲೆಬಾಳುವ ಗಂಡುನಾಯಿಯಾದರೆ ಪಶುವೈದ್ಯರಿಂದ ರಕ್ತದ ಮಾದರಿಯನ್ನೇ ತೆಗೆಸುವುದು ಮೇಲು.

ಕಳುಹಿಸುವುದು ಸುಲಭ, ವರದಿಯನ್ನು ಬಳಸುವುದರಲ್ಲಿ ವಿವೇಕ ಬೇಕು. ವರದಿಯಲ್ಲಿ ಕ್ಲಿಯರ್ ಎಂದಿರುವ ನಾಯಿಯಲ್ಲಿ ದೋಷದ ಜೀನ್ ಇಲ್ಲ. ಕ್ಯಾರಿಯರ್ (ವಾಹಕ) ನಾಯಿಯಲ್ಲಿ ಅದರ ಒಂದು ಪ್ರತಿ, ಅಫೆಕ್ಟೆಡ್ (ಕಾಯಿಲೆಗೆ ತುತ್ತಾದ) ನಾಯಿಯಲ್ಲಿ ಎರಡು. ಎರಡು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಪ್ರತಿ ಮರಿಯೂ ಅಫೆಕ್ಟೆಡ್ ಆಗುವ ಸಾಧ್ಯತೆ ಶೇ 25ರಷ್ಟಿರುತ್ತದೆ. ಕ್ಯಾರಿಯರ್‌ಗೆ ಕ್ಲಿಯರ್ ಜೋಡಿ ಕೊಟ್ಟರೆ ಒಂದು ಮರಿಯೂ ಅಫೆಕ್ಟೆಡ್ ಆಗದು. ಆದ್ದರಿಂದ ಕ್ಯಾರಿಯರ್ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ನಾಯಿಯನ್ನು ತಳಿಯಿಂದ ಹೊರಗಿಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹೃದಯದ ಸ್ನಾಯು ಕಾಯಿಲೆಯಿಂದಲೂ ನರಳುವ ಈ ತಳಿಯಲ್ಲಿ ವಂಶಗಳ ವೈವಿಧ್ಯ ಇನ್ನಷ್ಟು ಕುಗ್ಗಬಾರದು. ಕ್ಯಾರಿಯರ್ ನಾಯಿಯ ಮರಿಗಳನ್ನೂ ಪರೀಕ್ಷಿಸಿ, ಕ್ಲಿಯರ್ ಆದವನ್ನು ಮುಂದಿನ ತಳಿಗೆ ಉಳಿಸಿಕೊಳ್ಳಿ.

ಮರಿಯೊಂದಿಗೆ ಅದರದೇ ವರದಿಯ ಪ್ರತಿಯನ್ನು ಕೊಡಿ. ಮನೆಯಲ್ಲಿರುವುದು ಅಫೆಕ್ಟೆಡ್ ನಾಯಿಯಾದರೆ ಆಸ್ಪಿರಿನ್ ಕೊಡಬೇಡಿ, ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ವರದಿ ತೋರಿಸಿ; ಆಗ ಅವರು ಡೆಸ್ಮೋಪ್ರೆಸಿನ್ ಔಷಧವನ್ನೋ ದಾನಿ ನಾಯಿಯ ಪ್ಲಾಸ್ಮಾವನ್ನೋ ಮುಂಚಿತವಾಗಿ ಸಿದ್ಧವಿಟ್ಟುಕೊಳ್ಳಬಹುದು.