ವಿದೇಶಿ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಪರೀಕ್ಷೆ: ಕರಾವಳಿಯ ವಿದ್ಯಾರ್ಥಿಗಳು ಎಲ್ಲಿ ಜಾರುತ್ತಾರೆ

ಪರೀಕ್ಷೆಗೆ ಹಣ ಕಟ್ಟುವ ಮೊದಲು, ಸೇರಬೇಕೆಂದಿರುವ ಕೋರ್ಸಿನ ಭಾಷಾ ಅರ್ಹತೆಯ ಸಾಲನ್ನು ಅಕ್ಷರ ಬಿಡದೆ ಓದಿ. ಐಇಎಲ್‌ಟಿಎಸ್ ಎಂದರೆ ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಎಂಬ ನಾಲ್ಕು ವಿಭಾಗದ, 9ರವರೆಗಿನ ಬ್ಯಾಂಡಿನಲ್ಲಿ ಅಂಕ ಕೊಡುವ ಇಂಗ್ಲಿಷ್ ಪರೀಕ್ಷೆ. "ಐಇಎಲ್‌ಟಿಎಸ್ ಅಕಾಡೆಮಿಕ್ ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು" ಎಂದಿದ್ದರೆ, ಹೆಚ್ಚಿನವರು ಸಿಕ್ಕಿಬೀಳುವುದು ಆ 6.5ರಲ್ಲಿ. ಲಿಸನಿಂಗ್ 8, ರೀಡಿಂಗ್ 7.5, ಸ್ಪೀಕಿಂಗ್ 7, ರೈಟಿಂಗ್ 6 ಬಂತು ಅನ್ನಿ. ಸರಾಸರಿ 7.125, ಹತ್ತಿರದ ಅರ್ಧ ಬ್ಯಾಂಡಿಗೆ ಸರಿಹೊಂದಿಸಿ ಒಟ್ಟು 7 ಕೊಡುತ್ತಾರೆ. (6.25 ಆಗಿದ್ದರೆ 6.5ಕ್ಕೆ, 6.75 ಆಗಿದ್ದರೆ 7ಕ್ಕೆ ಏರಿಸುತ್ತಾರೆ.) ಆದರೂ ರೈಟಿಂಗ್ ಒಂದರಿಂದಾಗಿ ಅರ್ಜಿ ನಿಲ್ಲುತ್ತದೆ.

ಯಾವ ಪರೀಕ್ಷೆ? ಬೇಗ ಫಲಿತಾಂಶ ಬೇಕಿದ್ದು, ಮೈಕಿಗೆ ಮಾತಾಡಲು ಮುಜುಗರವಿಲ್ಲದಿದ್ದರೆ ಪಿಟಿಇ ಅಕಾಡೆಮಿಕ್. ಇದೂ ಇಂಗ್ಲಿಷ್ ಪರೀಕ್ಷೆಯೇ, ಸುಮಾರು ಎರಡು ಗಂಟೆ, ಪೂರ್ತಿ ಕಂಪ್ಯೂಟರಿನಲ್ಲಿ, ಅಂಕ 10ರಿಂದ 90. ಎದುರಿಗೊಬ್ಬರು ಕೂತರೆ ಚೆನ್ನಾಗಿ ಮಾತಾಡುವವರಿಗೆ ಐಇಎಲ್‌ಟಿಎಸ್ ವಾಸಿ. ಎರಡರ ಅಂಕವೂ 2 ವರ್ಷ ಮಾತ್ರ ಚಾಲ್ತಿ. ಮೂರನೆಯ ಪರೀಕ್ಷೆ ಕೇಂಬ್ರಿಡ್ಜಿನ ಸಿ1 ಅಡ್ವಾನ್ಸ್ಡ್, ಅದರ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. 180 ಬಂದರೆ ಪಾಸು, 160ರಿಂದ 179 ಬಂದರೆ ಕೈಗೆ ಸಿಗುವುದು ಒಂದು ಮೆಟ್ಟಿಲು ಕೆಳಗಿನ ಬಿ2 ಮಟ್ಟದ ಪ್ರಮಾಣಪತ್ರ. ಪರೀಕ್ಷೆಯ ದಿನಾಂಕಗಳು ಕಡಿಮೆ ಇರುವುದರಿಂದ ಅವಸರ ಇರುವವರಿಗೆ ಇದು ಹೊಂದುವುದಿಲ್ಲ. ಮುಂದಿನದ್ದೆಲ್ಲ ಐಇಎಲ್‌ಟಿಎಸ್ ಕುರಿತು, ಇಲ್ಲಿ ಹೆಚ್ಚು ಜನ ಬರೆಯುವುದು ಅದನ್ನೇ.

ಗುರುತಿಗೆ ಪಾಸ್‌ಪೋರ್ಟ್ ಬಿಟ್ಟರೆ ಬೇರೇನೂ ನಡೆಯುವುದಿಲ್ಲ, ಆಧಾರ್ ಕೂಡ. ಪಿಯುಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಶೆಟ್ಟಿ ಅಥವಾ ಪೂಜಾರಿ ಎಂಬ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಪರೀಕ್ಷೆಯ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಪಾಸ್‌ಪೋರ್ಟಿನಲ್ಲೇ ತಪ್ಪಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೆಲಸ ಮುಗಿಸಿಯೇ ಸ್ಲಾಟ್ ಬುಕ್ ಮಾಡಿ.

ಲಿಸನಿಂಗ್, ರೀಡಿಂಗ್ ಎರಡರಲ್ಲೂ 40 ಪ್ರಶ್ನೆ. ಸುಮಾರು 30 ಸರಿಯಾದರೆ 7 ಬರುತ್ತದೆ. ಆಡಿಯೊ ಒಂದೇ ಸಲ ಕೇಳಿಸುತ್ತಾರೆ. ಸ್ಪೆಲ್ಲಿಂಗ್ ತಪ್ಪಿದರೆ ಸೊನ್ನೆ, "ಎರಡು ಪದ ಮೀರಬಾರದು" ಎಂದಲ್ಲಿ ಮೂರು ಬರೆದರೂ ಸೊನ್ನೆ. ಕಂಪ್ಯೂಟರಿನಲ್ಲಿ ಲಿಸನಿಂಗ್ ಕೊನೆಗೆ ಉತ್ತರ ನೋಡಿಕೊಳ್ಳಲು ಸಿಗುವುದು 2 ನಿಮಿಷ, ಪೇಪರಿನ 10 ನಿಮಿಷ ಅಲ್ಲ. ಹಳೆ ಪುಸ್ತಕದಲ್ಲಿ ಅಭ್ಯಾಸ ಮಾಡಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ.

ಇನ್ನು ರೈಟಿಂಗ್. ಒಟ್ಟು 60 ನಿಮಿಷ, ಎರಡು ಟಾಸ್ಕ್. ಮೊದಲನೆಯದು ಗ್ರಾಫ್ ಅಥವಾ ಚಿತ್ರದ ವಿವರಣೆ, ಕನಿಷ್ಠ 150 ಪದ. ಎರಡನೆಯದು ಪ್ರಬಂಧ, ಕನಿಷ್ಠ 250 ಪದ, ತೂಕ ಎರಡು ಪಟ್ಟು. ಮೊದಲನೆಯದಕ್ಕೆ 20 ನಿಮಿಷ ಆಯಿತೆಂದರೆ ಅರ್ಧ ವಾಕ್ಯದಲ್ಲಿದ್ದರೂ ಬಿಟ್ಟು ಎರಡನೆಯದಕ್ಕೆ ಹೋಗಿ. ಗ್ರಾಫಿನ ಅಭ್ಯಾಸಕ್ಕೆ ಮಂಗಳೂರಿನ ತಿಂಗಳುವಾರು ಮಳೆಯ ಅಂಕಿಅಂಶ ಒಳ್ಳೆಯದು. ಹನ್ನೆರಡೂ ತಿಂಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ಅಂಕ ಬರುವುದಿಲ್ಲ. ಜೂನ್‌ನಲ್ಲಿ ಒಮ್ಮೆಲೇ ಏರಿತು, ಜುಲೈ ಕಳೆದ ಮೇಲೆ ಇಳಿಯುತ್ತಾ ಹೋಯಿತು ಎಂಬ ಒಟ್ಟು ನೋಟ ಮೊದಲು ಬರಬೇಕು.

ಪ್ರಬಂಧದಲ್ಲಿ ಊರಿನ ಉದಾಹರಣೆ ಕೊಡಬಹುದು, ಆದರೆ ಓದುವವರು ಮಲ್ಪೆ ನೋಡಿದವರಲ್ಲ. "ಕರ್ನಾಟಕ ಕರಾವಳಿಯಲ್ಲಿ ಮೀನು ಮರಿ ಮಾಡುವ ಕಾಲವೆಂದು ಜೂನ್, ಜುಲೈನಲ್ಲಿ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ" ಎಂದು ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳಿ, ಮತ್ತೆ ವಾದಕ್ಕೆ ಬನ್ನಿ. "ಇನ್ ದಿಸ್ ಮಾಡರ್ನ್ ವರ್ಲ್ಡ್" ಎಂದು ಶುರುವಾಗುವ ಬಾಯಿಪಾಠದ ಪೀಠಿಕೆ ಬೇಡ. ಪರೀಕ್ಷಕರು ಅಂಥದ್ದನ್ನು ಬೇಕಷ್ಟು ನೋಡಿರುತ್ತಾರೆ.

ವ್ಯಾಕರಣದಲ್ಲಿ ನಮಗೆ ದೊಡ್ಡ ಪೆಟ್ಟು 'ಎ' ಮತ್ತು 'ದ'. ಕನ್ನಡದಲ್ಲೂ ತುಳುವಿನಲ್ಲೂ ಆರ್ಟಿಕಲ್ ಎಂಬುದೇ ಇಲ್ಲ, ಹಾಗಾಗಿ ಬಿಟ್ಟುಹೋದದ್ದು ಕಣ್ಣಿಗೂ ಬೀಳುವುದಿಲ್ಲ. ಬರೆದು ಮುಗಿದ ಮೇಲೆ 3 ನಿಮಿಷ ಉಳಿಸಿಕೊಂಡು ನಾಮಪದಗಳನ್ನು ಮಾತ್ರ ಹುಡುಕಿ ನೋಡಿ. 'ಡಿಸ್ಕಸ್ ಅಬೌಟ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಒನ್ ಆಫ್ ಮೈ ಫ್ರೆಂಡ್', ಈ ಮೂರೂ ಕಾಲೇಜಿನಲ್ಲಿ ನಡೆಯುತ್ತವೆ, ಇಲ್ಲಿ ನಡೆಯುವುದಿಲ್ಲ.

ಸ್ಪೀಕಿಂಗ್ 11ರಿಂದ 14 ನಿಮಿಷ. ನಮ್ಮ ಉಚ್ಚಾರಣೆ ಇದೆಯೆಂದು ಅಂಕ ಕಳೆಯುವುದಿಲ್ಲ, ಅರ್ಥವಾಗಬೇಕು ಅಷ್ಟೆ. 'ಯೆವರಿ', 'ವೋನ್ಲಿ' ಎನ್ನುವ ಅಭ್ಯಾಸ, 'ಬಸ್ಸು' ಎಂದು ಕೊನೆಗೆ ಸೇರುವ ಉಕಾರ, ಇವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಿಡಿಯಿರಿ. ಎರಡನೇ ಭಾಗದಲ್ಲಿ 1 ನಿಮಿಷ ತಯಾರಿ, ಆಮೇಲೆ 2 ನಿಮಿಷದವರೆಗೆ ಮಾತು. ಕಂಬಳ ನೋಡದವರಿಗೆ ಕಂಬಳ ವಿವರಿಸುವುದು ಇದಕ್ಕೆ ಸರಿಯಾದ ಕಸರತ್ತು. ಮಧ್ಯೆ 'ಮಾರಾಯ್ರೆ' ನುಸುಳದಿದ್ದರೆ ಸಾಕು.

ಪರೀಕ್ಷೆಯನ್ನು ಅರ್ಜಿಯ ಕೊನೆ ದಿನಾಂಕಕ್ಕಿಂತ ಮೂರು ತಿಂಗಳಾದರೂ ಮುಂಚೆ ಬರೆಯಿರಿ. ಕಂಪ್ಯೂಟರಿನಲ್ಲಿ ಬರೆದವರಿಗೆ ಒಂದೇ ವಿಭಾಗವನ್ನು ಮತ್ತೆ ಬರೆಯುವ 'ಒನ್ ಸ್ಕಿಲ್ ರೀಟೇಕ್' ಸೌಲಭ್ಯವಿದೆ, ಮೂಲ ಪರೀಕ್ಷೆಯಿಂದ 60 ದಿನದೊಳಗೆ ಮುಗಿಸಬೇಕು. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ. ಪ್ರವೇಶ ವಿಭಾಗಕ್ಕೆ ಮೇಲ್ ಮಾಡಿ ಉತ್ತರ ಬರೆಸಿಕೊಂಡೇ ಹಣ ಕಟ್ಟಿ.